ಕಾಕಿನಾಡದ ಗಾಳಿ, ನಮ್ಮ ಹೊಳೆಯ ನೀರು

ಇವತ್ತು ಅಕ್ಟೋಬರ್ 28, 2025. ಮೊಂಥಾ ಚಂಡಮಾರುತ ರಾತ್ರಿ ಕಾಕಿನಾಡದ ಆಸುಪಾಸಿನಲ್ಲಿ ದಡ ಹತ್ತುತ್ತದೆ ಎಂದು ಹವಾಮಾನ ಇಲಾಖೆ ಹೇಳಿದೆ. ಗಾಳಿ ಗಂಟೆಗೆ 90ರಿಂದ 100 ಕಿ.ಮೀ. ಬೆಳಗ್ಗೆಯಿಂದ ನನಗೆ ಒಂದು ಕೆಲಸವೂ ಮಾಡಲು ಮನಸ್ಸಿಲ್ಲ. ಬೆಂಗಳೂರಿನ ಗೆಳತಿ ಫೋನಿನಲ್ಲಿ ಕೇಳಿದಳು: "ಸಮುದ್ರ ಎಲ್ಲಿ, ನಿಮ್ಮ ಕಲಬುರಗಿ ಎಲ್ಲಿ?"

ನಕ್ಷೆ ತೆಗೆದು ನೋಡಿ. ಕಾಕಿನಾಡ, ಹೈದರಾಬಾದ್, ಕಲಬುರಗಿ ಹೆಚ್ಚುಕಡಿಮೆ ಒಂದೇ ಗೆರೆಯಲ್ಲಿವೆ. ಅಲ್ಲಿ ದಡ ಹತ್ತಿದ್ದು ನೇರ ಪಶ್ಚಿಮಕ್ಕೆ ನಡೆದರೆ ನಮ್ಮ ತಲೆ ಮೇಲೇ ಬರುತ್ತದೆ. ನೆಲಕ್ಕೆ ಬಂದ ಮೇಲೆ ಗಾಳಿಯ ಜೋರು ಇಳಿಯುತ್ತದೆ, ನಿಜ. ಆದರೆ ಹೊತ್ತು ತಂದ ನೀರು ಎಲ್ಲಾದರೂ ಸುರಿಯಲೇಬೇಕು ಅಲ್ವಾ?

2020ರ ಅಕ್ಟೋಬರ್ 13ರಂದು ಹಾಗೇ ಆಯಿತು. ಕಾಕಿನಾಡದ ಹತ್ತಿರ ಅವತ್ತು ದಡ ದಾಟಿದ್ದು ಚಂಡಮಾರುತ ಕೂಡ ಅಲ್ಲ, ವಾಯುಭಾರ ಕುಸಿತ. ಅದಕ್ಕೆ ಹೆಸರೂ ಇರಲಿಲ್ಲ. ಹೈದರಾಬಾದ್ ಮುಳುಗಿತು. ಆಮೇಲೆ ನಮ್ಮ ಮೇಲೆ ಸುರಿಯಿತು. ಆಮೇಲೆ ಸೊಲ್ಲಾಪುರದ ಕಡೆ ಹೋಯಿತು. ಇಲ್ಲಿ ಬಿಸಿಲು ಬಿತ್ತು, ಸದ್ಯ ಮುಗಿಯಿತು ಅಂದುಕೊಂಡೆವು.

ನನ್ನ ತವರು ಅಫಜಲಪುರ ತಾಲ್ಲೂಕು, ಭೀಮಾ ದಂಡೆ. ಮಹಾರಾಷ್ಟ್ರದಲ್ಲಿ ಬಿದ್ದ ಮಳೆ ಉಜನಿ ಜಲಾಶಯ ದಾಟಿ ನಮ್ಮೂರು ಮುಟ್ಟಲು ಎರಡು ಮೂರು ದಿನ ಬೇಕು. ಅಂಗಳದಲ್ಲಿ ಬಟ್ಟೆ ಒಣಗುತ್ತಿರುತ್ತವೆ, ಹೊಳೆ ಮಾತ್ರ ಏರುತ್ತಿರುತ್ತದೆ. ಆ ಸಲ ಭೀಮೆಗೆ ಕಟ್ಟಿದ ಸೊನ್ನ ಬ್ಯಾರೇಜಿನಿಂದ ಸುಮಾರು 8 ಲಕ್ಷ ಕ್ಯೂಸೆಕ್ ಹರಿಯಿತು. ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ 28 ಲೀಟರ್. ಲೆಕ್ಕ ಹಾಕಿದರೆ ತಲೆ ತಿರುಗುತ್ತದೆ.

ರಾತ್ರಿ ಎರಡಕ್ಕೆ ತಮ್ಮ ಫೋನ್ ಮಾಡಿದ. "ಅಕ್ಕಾ, ನೀರು ಅಂಗಳಕ್ಕ ಬಂತು." ಹಿಂದೆ ಎಮ್ಮೆಗಳು ಒದರುತ್ತಿದ್ದವು. ಅವ್ವ ಹೊರಡಲು ಒಪ್ಪುತ್ತಿರಲಿಲ್ಲ. ಬೀಜಕ್ಕೆ ಇಟ್ಟ ಜೋಳದ ಚೀಲ ಮೊದಲು ಎತ್ತು, ಆಮೇಲೆ ನನ್ನ ಮಾತು ಎಂದಳಂತೆ. ತಮ್ಮ ಚೀಲ ಹೆಗಲಿಗೆ ಹಾಕಿಕೊಂಡ, ಎಮ್ಮೆಗಳ ಹಗ್ಗ ಕೊಯ್ದ, ಅವ್ವನ ಕೈ ಹಿಡಿದ. ದಿಬ್ಬದ ಮೇಲಿನ ಶಾಲೆಯಲ್ಲಿ ಐದು ದಿನ ಇದ್ದರು. ನಾನು ಹೋಗುವಷ್ಟರಲ್ಲಿ ಮನೆಯಲ್ಲಿ ಮೊಣಕಾಲುದ್ದ ರಾಡಿ. ಉಳಿದ ಕಾಳೆಲ್ಲ ಮೊಳಕೆ ಒಡೆದು ನಾರುತ್ತಿತ್ತು. ಗೋಡೆಯಲ್ಲಿ ನನ್ನ ಭುಜದೆತ್ತರಕ್ಕೆ ಕಂದು ಗೆರೆ. ಮರುವರ್ಷ ಸುಣ್ಣ ಹಚ್ಚುವಾಗ ಅವ್ವ ಆ ಗೆರೆ ಅಳಿಸಗೊಡಲಿಲ್ಲ. ಇವತ್ತಿಗೂ ಅದು ಹಾಗೇ ಇದೆ.

2014ರ ಮಾರ್ಚ್‌ನ ಆಲಿಕಲ್ಲು ಮಳೆಯೂ ನೆನಪಿದೆ. ದನದ ಕೊಟ್ಟಿಗೆಯ ಪತ್ರಾ ಹಾರಿ ಪಕ್ಕದ ಹೊಲಕ್ಕೆ ಬಿದ್ದಿತ್ತು. ಅದು ಬಂತು, ಬಡಿಯಿತು, ಹೋಯಿತು. ಅರ್ಧ ಗಂಟೆಯಲ್ಲಿ ನಷ್ಟ ಎಷ್ಟು ಅಂತ ಗೊತ್ತಾಗಿಬಿಟ್ಟಿತು. ಹೊಳೆಯ ನೀರು ನಮ್ಮನ್ನು ಕಾಯುವಂತೆ ಮಾಡುತ್ತದೆ. ಆ ಕಾಯುವುದೇ ನನಗೆ ಜಾಸ್ತಿ ಕಷ್ಟ.

ಕಳೆದ ತಿಂಗಳು ಭೀಮೆ ಮತ್ತೆ ತುಂಬಿ ಬಂದಳು. ನಮ್ಮ ಗೋಡೆಯ ಗೆರೆಗೆ ಎರಡು ಮೊಳ ಕೆಳಗೆ ನಿಂತಳು. ಹೊಳೆ ಪಕ್ಕದ ಎರಡು ಎಕರೆ ತೊಗರಿ ನಿಂತಲ್ಲೇ ಕೊಳೆಯಿತು. ಮೇಲಿನ ನಾಲ್ಕು ಎಕರೆ ಉಳಿದಿದೆ, ಈಗ ತುಂಬಾ ಹೂವು. ಜೋರು ಮಳೆ ಹೊಡೆದರೆ ಹೂವು ಉದುರುತ್ತದೆ. ಎರೆ ಮಣ್ಣಿನಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ. ಮೊಂಥಾ ಎಂದರೆ ಥಾಯ್ ಭಾಷೆಯಲ್ಲಿ ಸುವಾಸನೆಯ ಹೂವಂತೆ. ಅದನ್ನು ಕೇಳಿದಾಗಿನಿಂದ ನಮ್ಮ ಹೊಲದ ಹಳದಿ ಹೂವೇ ಕಣ್ಣ ಮುಂದೆ.

ಕಾಕಿನಾಡದ ದಡದಲ್ಲಿ ಈ ರಾತ್ರಿ ಮನೆ ಬಿಟ್ಟು ಎಲ್ಲೋ ಶಾಲೆಯಲ್ಲಿ ಮಲಗುವ ತಾಯಂದಿರನ್ನೂ ನೆನೆಯುತ್ತಿದ್ದೇನೆ. ಅವರದ್ದು ಇವತ್ತಿನ ಗಂಡಾಂತರ, ನಮ್ಮದು ಮುಂದಿನ ನಾಲ್ಕು ದಿನದ್ದು.

ಈಗಷ್ಟೇ ತಮ್ಮನಿಗೆ ಫೋನ್ ಮಾಡಿದ್ದೆ. "ಗಾಳಿಗಿ ಅಂಜಲ್ಲ ಅಕ್ಕಾ, ಹೊಳಿಗಿ ಅಂಜ್ತೀನಿ" ಎಂದ. ದಂಡೆಯ ಮೋಟರು ಬಿಚ್ಚಿ ಮೇಲೆ ತಂದಿದ್ದಾನೆ. ನಾಳೆ ಬಿಸಿಲು ಬಿದ್ದರೂ ಶನಿವಾರದವರೆಗೆ ಅದನ್ನು ಕೆಳಗೆ ಒಯ್ಯಬೇಡ ಎಂದು ಹೇಳಿದ್ದೇನೆ. ಬೀಜದ ಚೀಲ ಆಗಲೇ ಅಟ್ಟದ ಮೇಲಿದೆಯಂತೆ. ಅವ್ವ ಮಧ್ಯಾಹ್ನವೇ ಎತ್ತಿಸಿದ್ದಾಳೆ.