ಹಳೇ ಡ್ರಮ್ ಸೆಟ್‌ನಲ್ಲಿ ಟಾಮ್ ಯಾಕೆ ಕೈಗೆ ಸಿಗಲ್ಲ?

ಅರವತ್ತರ ದಶಕದ, ಅಮೆರಿಕದ ಲುಡ್ವಿಗ್ ಕಂಪನಿಯ ತರಹದ ಹಳೇ ಸೆಟ್ ಸಿಕ್ಕವರೆಲ್ಲ ನನ್ನನ್ನು ಕೇಳುವುದು ಒಂದೇ. ಕಾಲಿನ ಪೆಡಲ್‌ನಿಂದ ಬಡಿಯುವ ದೊಡ್ಡ ಬಾಸ್ ಡ್ರಮ್ ಮೇಲೆ ಕೂರುವ ಆ ಒಂಟಿ ಚಿಕ್ಕ ಡ್ರಮ್, ಅಂದರೆ ಟಾಮ್, ದೂರ ಇದೆ, ಎತ್ತರ ಇದೆ, ಎಷ್ಟು ತಿರುಗಿಸಿದರೂ ಕೋಲು ರಿಮ್‌ಗೇ, ಅಂದರೆ ಅಂಚಿನ ಬಳೆಗೇ, ಬಡಿಯುತ್ತದೆ, ಏನು ಮಾಡೋದು? ಟಾಮ್ ಬಿಚ್ಚಿ ಪಕ್ಕಕ್ಕಿಡಿ, ಸ್ಟೂಲ್‌ನಿಂದ ಶುರು ಮಾಡಿ ಅನ್ನುತ್ತೇನೆ. ಯಾರಿಗೂ ಈ ಉತ್ತರ ಇಷ್ಟ ಆಗಲ್ಲ.

ತೊಡೆ ಮಂಡಿಯ ಕಡೆಗೆ ಸ್ವಲ್ಪ ಇಳಿಜಾರಾಗಿರುವಷ್ಟು ಎತ್ತರಕ್ಕೆ ಕೂತುಕೊಳ್ಳಿ. ಸ್ನೇರ್, ಅಂದರೆ ಮುಂದಿರುವ ಮುಖ್ಯ ಡ್ರಮ್, ಎರಡು ಕಾಲಿನ ನಡುವೆ. ಬಲಗಾಲು ಎಲ್ಲಿ ಸಲೀಸಾಗಿ ಬೀಳುತ್ತದೋ ಅಲ್ಲಿ ಪೆಡಲ್, ಪೆಡಲ್ ಎಲ್ಲಿದೆಯೋ ಅಲ್ಲಿ ಬಾಸ್. ಈಗ ಬಾಸ್ ಎತ್ತ ಮುಖ ಮಾಡಿದೆ ನೋಡಿ. ಪಾದ ಸ್ವಲ್ಪ ಹೊರಕ್ಕೆ ತಿರುಗುತ್ತದೆ, ಬಾಸ್ ಕೂಡ ಅಷ್ಟು ತಿರುಗಲಿ, ಆದರೆ ಅದಕ್ಕಿಂತ ಜಾಸ್ತಿ ಬಲಕ್ಕೆ ತಿರುಗಿದರೆ ಮೇಲಿನ ಟಾಮೂ ಅದರ ಜೊತೆಗೇ ಬಲಕ್ಕೆ ಹೋಗಿಬಿಡುತ್ತದೆ. ಟಾಮ್ ದೂರ ಇದೆ ಅನ್ನುವ ದೂರಿನಲ್ಲಿ ಅರ್ಧ ಇಲ್ಲೇ ಮುಗಿಯುತ್ತದೆ.

ಎತ್ತರದ ವಿಷಯ ಬೇರೆ. ಅದು ಬರೀ ಲೆಕ್ಕ. 22 ಇಂಚು ಅಡ್ಡಳತೆಯ ಬಾಸ್, ಮೇಲೆ 9 ಇಂಚು ಆಳದ 13 ಇಂಚಿನ ಟಾಮ್, ನಡುವೆ ಒಂದು ಇಂಚು ಜಾಗ ಬಿಟ್ಟರೂ ಟಾಮ್‌ನ ಹೆಡ್, ಅಂದರೆ ಕೋಲು ಬಡಿಯುವ ಮುಖ, ನೆಲದಿಂದ 32 ಇಂಚು ಮೇಲೆ. ಅದೇ 20 ಇಂಚಿನ ಬಾಸ್ ಮೇಲೆ 8 ಇಂಚು ಆಳದ 12 ಇಂಚಿನ ಟಾಮ್ ಇಟ್ಟರೆ 29. ಮೂರು ಇಂಚು ಅಂದರೆ ಸುಮ್ನೆ ಅಲ್ಲ, ಭುಜಕ್ಕೆ ಗೊತ್ತಾಗುತ್ತದೆ. ಬೀಟಲ್ಸ್‌ನ ರಿಂಗೋ ಸ್ಟಾರ್ 1963ರಲ್ಲಿ ತಗೊಂಡ ಮೊದಲ ಲುಡ್ವಿಗ್ ಸೆಟ್ ಈ ಚಿಕ್ಕ ಅಳತೆಯದೇ. ಆಮೇಲೆ 22ಕ್ಕೆ ಹೋದರು. ಫೋಟೋ ನೋಡಿ ಆ ದೊಡ್ಡ ಸೆಟ್ ಬೇಕು ಅನ್ನುವವರು ಈ ಮೂರು ಇಂಚನ್ನು ಮೊದಲೇ ಯೋಚಿಸುವುದು ಒಳ್ಳೆಯದು.

22 ಇಂಚಿನದೇ ಇದ್ದರೆ? ಬಾಸ್ ದುಂಡಗಿದೆ ಅಲ್ವಾ, ನೆತ್ತಿಯಿಂದ ಪಕ್ಕಕ್ಕೆ ಹೋದಷ್ಟೂ ಶೆಲ್, ಅಂದರೆ ಡ್ರಮ್‌ನ ಮರದ ಮೈ, ಇಳಿಯುತ್ತದೆ. ಟಾಮ್‌ನ ಬಲ ಅಂಚು ನೆತ್ತಿಯಿಂದ ನಾಲ್ಕು ಇಂಚು ಎಡಕ್ಕೆ ಸರಿದರೆ ಮುಕ್ಕಾಲು ಇಂಚು ಕೆಳಗಿಳಿಸಲು ಜಾಗ ಸಿಗುತ್ತದೆ. ಹಳೇ ರೈಲ್ ಮೌಂಟ್‌ನಲ್ಲಿ, ಅಂದರೆ ಬಾಸ್ ಮೇಲೆ ಬೋಲ್ಟ್ ಹಾಕಿದ ಆ ಉದ್ದನೆಯ ಕಬ್ಬಿಣದ ಪಟ್ಟಿಯಲ್ಲಿ, ಟಾಮ್ ಹಿಡಿದಿರುವ ಹಿಡಿಕೆ ನಿಮ್ಮ ಕಡೆಗೆ, ನಿಮ್ಮಿಂದ ಆಚೆಗೆ ಮಾತ್ರ ಜಾರುತ್ತದೆ. ಎಡಕ್ಕೆ ತರುವುದು ಅದರ ತೋಳು. ಆದ್ದರಿಂದ ಮೊದಲು ಹಿಡಿಕೆಯನ್ನು ಪೂರ್ತಿ ನಿಮ್ಮ ಕಡೆಗೆ ಎಳೆದುಕೊಳ್ಳಿ, ಆಮೇಲೆ ತೋಳನ್ನು ಸ್ನೇರ್ ಕಡೆಗೆ ತಿರುಗಿಸಿ, ವಾಲಿಸುವುದು ಕೊನೆಗೆ. ಜನ ಇದನ್ನು ತಲೆಕೆಳಗಾಗಿ ಮಾಡುತ್ತಾರೆ. ಮೊದಲೇ ಮುಖಕ್ಕೆ ಎದುರಾಗಿ ವಾಲಿಸಿ ಬಿಗಿ ಮಾಡಿಬಿಡುತ್ತಾರೆ, ಆಗ ಕೋಲಿನ ತುದಿ ಹೆಡ್‌ಗೆ ಚುಚ್ಚುತ್ತದೆ, ವಾರದಲ್ಲಿ ಅದರ ತುಂಬಾ ಗುಳಿ. ಸ್ನೇರ್‌ಗಿಂತ ಸ್ವಲ್ಪ ಮಾತ್ರ ಜಾಸ್ತಿ ವಾಲಿರಲಿ, ಸಾಕು. ಕಣ್ಣು ಮುಚ್ಚಿ ಸ್ನೇರ್‌ನಿಂದ ಟಾಮ್‌ಗೆ ಹೋಗಿ ಬನ್ನಿ. ಮೊಣಕೈ ಪಕ್ಕೆ ಬಿಟ್ಟು ಮೇಲೇಳದೆ ಕೋಲು ನಡುವಿಗೆ ಬಿದ್ದರೆ ಅಲ್ಲೇ ಬಿಗಿ ಮಾಡಿ.

ರಾಜರ್ಸ್ ಅನ್ನುವ ಇನ್ನೊಂದು ಕಂಪನಿಯ ಸೆಟ್ ಇದ್ದವರು ಪುಣ್ಯವಂತರು. ಅದರ ಸ್ವಿವ್-ಓ-ಮ್ಯಾಟಿಕ್ ಹಿಡಿಕೆಯಲ್ಲಿ ಗುಂಡಿನ ಕೀಲು ಇದೆ, ಎತ್ತ ಬೇಕೋ ಅತ್ತ ತಿರುಗುತ್ತದೆ.

ಇಷ್ಟಾದರೂ ಸರಿಹೋಗದಿದ್ದರೆ ಟಾಮ್ ಅನ್ನು ಒಂದು ಸ್ನೇರ್ ಸ್ಟ್ಯಾಂಡ್ ಮೇಲೆ ಕೂರಿಸಿ. ಇದನ್ನು ಹೇಳಿದರೆ ಕೆಲವರು ಮುಖ ಸಿಂಡರಿಸುತ್ತಾರೆ, ವಿಂಟೇಜ್ ಲುಕ್ ಹೋಗುತ್ತದಂತೆ. ಕೂತು ನುಡಿಸುವವರು ನೀವು, ನೋಡುವವರಲ್ಲ. ಸ್ಟ್ಯಾಂಡ್‌ನ ಮೇಲ್ತುದಿಯಲ್ಲಿ ಡ್ರಮ್ ಹಿಡಿಯುವ ಬುಟ್ಟಿಯ ತೋಳುಗಳನ್ನು ಬಿಗಿ ಮಾಡಬೇಡಿ, ಬರೀ ತಾಗಿರಲಿ, ಇಲ್ಲದಿದ್ದರೆ ನಾದ ಕಟ್ಟಿಹೋಗುತ್ತದೆ. ಬಾಸ್ ಮೇಲಿನ ರೈಲ್ ಖಾಲಿ ಇದ್ದರೆ ಇರಲಿ ಬಿಡಿ.

ಶೆಲ್‌ಗೆ ಹೊಸ ತೂತು ಮಾತ್ರ ಕೊರೆಯಬೇಡಿ. ವೆಲ್ಡಿಂಗ್ ಅಂಗಡಿಯಲ್ಲಿ ಐದು ನಿಮಿಷದ ಕೆಲಸ, ಆದರೆ ಆ ಹಳೇ ಶೆಲ್‌ನ ಬೆಲೆ ಅಲ್ಲಿಗೆ ಮುಗಿಯಿತು. ರೈಲ್ ಇರುವ ಕಡೆ ಶೆಲ್ ಒಳಕ್ಕೆ ಕುಸಿದಿದ್ದರೆ ಒಳಗಿನಿಂದ ತೆಳು ಮರದ ತುಂಡೊಂದನ್ನು ಶೆಲ್‌ನ ಬಾಗಿಗೆ ಹೊಂದುವಂತೆ ಕೆತ್ತಿ, ಅದೇ ಹಳೇ ತೂತುಗಳ ಬೋಲ್ಟ್‌ಗೆ ಕೊಟ್ಟು ಬಿಗಿ ಮಾಡಿ. ಬೋಲ್ಟ್ ಕಳೆದಿದ್ದರೆ ಹತ್ತಿರದ ಹಾರ್ಡ್‌ವೇರ್ ಅಂಗಡಿಯ 6 ಎಂಎಂ ಬೋಲ್ಟ್ ತರಬೇಡಿ. ಅಮೆರಿಕನ್ ಡ್ರಮ್‌ಗಳಲ್ಲಿ ಹೆಚ್ಚಾಗಿ ಇಂಚಿನ ಥ್ರೆಡ್. ಕಾಲು ಇಂಚು ಅಂದರೆ 6.35 ಎಂಎಂ. ನೋಡಲು ಒಂದೇ ಥರ, ಎರಡು ಸುತ್ತು ಹೋಗಿಯೂ ಹೋಗುತ್ತದೆ, ಆಮೇಲೆ ಒಳಗಿನ ಥ್ರೆಡ್ ಕಿತ್ತುಕೊಂಡು ಬರುತ್ತದೆ. ಹಳೇ ಬೋಲ್ಟ್ ಒಂದನ್ನು ಕೈಯಲ್ಲಿ ಹಿಡಿದುಕೊಂಡೇ ಅಂಗಡಿಗೆ ಹೋಗಿ.