ಹಳೆ ಲಾರಿಯ ಮಂಕು ಹೆಡ್‌ಲೈಟ್: ಬಲ್ಬಿಗೆ ಕೈ ಹಾಕುವ ಮೊದಲು ಮೀಟರ್ ಹಿಡಿಯಿರಿ

ಬೆಳಗಾವಿಯಿಂದ ತರಕಾರಿ ಹೇರಿಕೊಂಡು ಚೋರ್ಲಾ ಘಾಟ್ ಇಳಿದು ಮಾಪುಸಾ, ಪಣಜಿಗೆ ಬರುವ ಹಳೆ ಗಾಡಿಗಳ ಲೈಟ್ ಮಂಕಾದರೆ ಸಿಗುವ ಸಲಹೆ ಒಂದೇ: “100/90 ಬಲ್ಬ್ ಹಾಕಿಸಿಬಿಡಿ ಅಣ್ಣಾ”, ಅಂದರೆ ಹೈ ಬೀಮಿಗೆ 100, ಲೋಗೆ 90 ವ್ಯಾಟಿನದು. ಬೇಡ. ಗೋವಾದ ಉಪ್ಪುಗಾಳಿಯಲ್ಲಿ, ಮಳೆಯಲ್ಲಿ ಓಡುವ ಗಾಡಿಯ ವೈರು, ಸ್ವಿಚ್ಚು, ಅರ್ತ್ ಎಲ್ಲ ಕಡೆ ಕಿಲುಬು ಹಿಡಿದಿರುತ್ತದೆ. ಬಲ್ಬಿಗೆ ಹೋಗಬೇಕಾದ ವೋಲ್ಟೇಜ್ ದಾರಿಯಲ್ಲೇ ಖರ್ಚಾಗುತ್ತದೆ. ಅಂಥ ಕಡೆ ದೊಡ್ಡ ಬಲ್ಬ್ ಹಾಕಿದರೆ ಕರೆಂಟ್ ಹೆಚ್ಚು ಎಳೆದು ವೋಲ್ಟೇಜ್ ಇನ್ನೂ ಬೀಳುತ್ತದೆ, ಹೋಲ್ಡರ್ ಕರಗುತ್ತದೆ, ಡೋಮಿನ (ಬಲ್ಬಿನ ಹಿಂದೆ ಬೆಳಕನ್ನು ಮುಂದಕ್ಕೆ ತಳ್ಳುವ ಹೊಳೆಯುವ ಬಟ್ಟಲಿನ) ಪಾಲಿಷ್ ಸುಟ್ಟು ಕಪ್ಪಾಗುತ್ತದೆ.

ಹ್ಯಾಲೊಜೆನ್ ಬಲ್ಬಿಗೆ ವೋಲ್ಟೇಜ್ 5% ಕಡಿಮೆಯಾದರೆ ಬೆಳಕು ಸುಮಾರು 16% ಕಡಿಮೆ; 10% ಬಿದ್ದರೆ ಸುಮಾರು 30% ಹೋಯಿತು. ಹಳೆ ಗಾಡಿಯಲ್ಲಿ ಒಂದು ವೋಲ್ಟ್ ಬೀಳುವುದು ದೊಡ್ಡ ಮಾತೇ ಅಲ್ಲ. 12 ವೋಲ್ಟಿನ ಗಾಡಿಯಲ್ಲಿ 0.75 ಚದರ ಮಿ.ಮೀ. ವೈರು ನಾಲ್ಕು ಮೀಟರ್ ಓಡಿ 10 ಆಂಪಿಯರ್ ಹೊತ್ತರೆ, ಕಿಲುಬೇ ಇಲ್ಲದಿದ್ದರೂ ಅಷ್ಟು ಬೀಳುತ್ತದೆ.

ಅಳೆಯುವುದು ಸುಲಭ. ಎಂಜಿನ್ ಓಡುತ್ತಿರಲಿ, ಹೈ ಬೀಮ್ ಹಚ್ಚಿ. ಮೊದಲು ಬ್ಯಾಟರಿಯ ಮೇಲೆ ನೋಡಿ: 12 ವೋಲ್ಟ್ ಗಾಡಿಯಲ್ಲಿ 13.8ರಿಂದ 14.4, 24ರಲ್ಲಿ 27.6ರಿಂದ 28.8 ಇರಬೇಕು. ಕಡಿಮೆ ಇದ್ದರೆ ಬೆಲ್ಟ್, ಆಲ್ಟರ್ನೇಟರ್ ಮೊದಲು ನೋಡಿಸಿ. ಹೆಚ್ಚಿದ್ದರೆ ಕಟೌಟ್ (ಚಾರ್ಜಿಂಗ್ ವೋಲ್ಟೇಜನ್ನು ಹಿಡಿತದಲ್ಲಿಡುವ ರೆಗ್ಯುಲೇಟರ್) ಹಾಳಾಗಿದೆ, ಹಾಕಿದ ಬಲ್ಬೆಲ್ಲ ಬೇಗ ಸುಡುತ್ತವೆ. ಆಮೇಲೆ ಮೀಟರಿನ ಒಂದು ಕಡ್ಡಿ ಬ್ಯಾಟರಿ ಪ್ಲಸ್‌ಗೆ, ಇನ್ನೊಂದು ಹೋಲ್ಡರಿನ ಹಿಂಬದಿಯಿಂದ ಹೈ ಟರ್ಮಿನಲ್‌ಗೆ. ಹೋಲ್ಡರ್ ಬಲ್ಬಿನಲ್ಲೇ ಇರಬೇಕು. ಬಿಚ್ಚಿ ಅಳೆದರೆ ಕರೆಂಟ್ ಹರಿಯದೆ ಎಲ್ಲವೂ ಸರಿಯಾಗಿರುವಂತೆ ಕಾಣುತ್ತದೆ. 12 ವೋಲ್ಟಿನಲ್ಲಿ ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅಲ್ಲಿ ಕೆಲಸವಿದೆ. ಹಾಗೇ ಬ್ಯಾಟರಿ ಮೈನಸ್‌ನಿಂದ ಹೋಲ್ಡರಿನ ಅರ್ತ್‌ಗೆ ಹಿಡಿಯಿರಿ; ಇಲ್ಲಿ 0.2 ವೋಲ್ಟಿಗಿಂತ ಹೆಚ್ಚು ಬರಬಾರದು. ಕರಾವಳಿಯ ಗಾಡಿಗಳಲ್ಲಿ ಅರ್ಧ ರೋಗ ಈ ಅರ್ತ್‌ನದೇ. ತುಕ್ಕು ಹಿಡಿದ ಶೋ ತಗಡಿಗೆ (ಗಾಡಿಯ ಮುಂಭಾಗದ ತಗಡಿಗೆ) ಬಿಗಿದ ಸ್ಕ್ರೂವನ್ನು ನಂಬಬೇಡಿ. 2.5 ಚದರ ಮಿ.ಮೀ. ವೈರನ್ನು ಚಾಸಿಸ್‌ಗೆ ತಂದು, ಪೇಂಟ್ ಕೆರೆದು, ಲಗ್ ಹಾಕಿ ಬೋಲ್ಟ್ ಬಿಗಿದು, ಮೇಲೆ ಗ್ರೀಸ್ ಬಳಿಯಿರಿ. ಎಷ್ಟೋ ಗಾಡಿಗೆ ಇಷ್ಟೇ ಸಾಕಾಗುತ್ತದೆ.

ಸಾಲದಿದ್ದರೆ ರಿಲೇ: ಸ್ವಿಚ್ಚಿನ ಸಣ್ಣ ಕರೆಂಟಿನಿಂದ ಬಲ್ಬಿನ ದೊಡ್ಡ ಕರೆಂಟನ್ನು ಹಾಕಿ ತೆಗೆಯುವ ಸಾಧನ. ಹಳೆ ವೈರಿಂಗ್‌ನಲ್ಲಿ ಬಲ್ಬಿನ ಪೂರ್ತಿ ಕರೆಂಟ್ ಹೈ-ಲೋ ಬದಲಿಸುವ ಡಿಪ್ಪರ್ ಸ್ವಿಚ್ಚಿನ ಮೂಲಕವೇ ಹಾಯುತ್ತದೆ, ಅದಕ್ಕೇ ಸ್ವಿಚ್ ಬಿಸಿಯಾಗುವುದು. ಹೈಗೆ ಒಂದು, ಲೋಗೆ ಒಂದು ರಿಲೇ ಬೇಕು. ರಿಲೇಯ ಕಾಲುಗಳ ಪಕ್ಕ ನಂಬರ್ ಬರೆದಿರುತ್ತದೆ: ಹೋಲ್ಡರಿಗೆ ಹೋಗುತ್ತಿದ್ದ ಹಳೆ ವೈರನ್ನು 86ಕ್ಕೆ, 85 ಅರ್ತ್‌ಗೆ, ಬ್ಯಾಟರಿ ಪ್ಲಸ್‌ನಿಂದ ಹೊಸ 2.5ರ ವೈರು 30ಕ್ಕೆ, 87ರಿಂದ ಎರಡೂ ಬಲ್ಬಿಗೆ. ಪ್ಲಸ್ ವೈರಿಗೆ ಬ್ಯಾಟರಿಯಿಂದ ಒಂದು ಗೇಣಿನೊಳಗೆ 20 ಆಂಪಿಯರ್ ಫ್ಯೂಸ್ ಇರಲೇಬೇಕು; ಇಲ್ಲದಿದ್ದರೆ ವೈರು ಎಲ್ಲಾದರೂ ಉಜ್ಜಿ ಚಾಸಿಸ್‌ಗೆ ತಗುಲಿದ ದಿನ ಬೆಂಕಿಯೇ. 87ರ ನಂತರ ಎಡ, ಬಲ ಬಲ್ಬಿಗೆ ಬೇರೆ ಬೇರೆ 10 ಆಂಪಿಯರ್ ಫ್ಯೂಸ್ ಹಾಕಿ. ಒಂದೇ ಫ್ಯೂಸಿನಲ್ಲಿ ಮುಗಿಸಿದರೆ ಐವತ್ತು ರೂಪಾಯಿ ಉಳಿದೀತು, ಆದರೆ ಘಾಟಿನ ತಿರುವಿನಲ್ಲಿ ಎರಡೂ ಲೈಟ್ ಒಟ್ಟಿಗೆ ಆರುತ್ತವೆ.

ಇಲ್ಲಿ ಮೂರು ಕಡೆ ಎಡವುವವರಿದ್ದಾರೆ. 24 ವೋಲ್ಟ್ ಗಾಡಿಗೆ 24ರ ಕಾಯಿಲ್ ಇರುವ ರಿಲೇಯೇ ಬೇಕು, 12ರದು ಬಿಸಿಯಾಗಿ ಸುಡುತ್ತದೆ. ಎರಡು ಬ್ಯಾಟರಿಗಳಲ್ಲಿ ಒಂದರಿಂದ ಮಾತ್ರ 12 ವೋಲ್ಟ್ ಕದ್ದು ಲೈಟ್ ಉರಿಸುವುದೂ ತಪ್ಪು: ಅದು ಬರಿದಾಗುತ್ತ ಹೋಗುತ್ತದೆ, ಇನ್ನೊಂದು ಓವರ್‌ಚಾರ್ಜ್ ಆಗುತ್ತದೆ, ಕೊನೆಗೆ ಎರಡೂ ಹೋಗುತ್ತವೆ. ಕೆಲವು ಗಾಡಿಗಳಲ್ಲಿ ಸ್ವಿಚ್ ಅರ್ತ್ ಬದಿಗಿರುತ್ತದೆ, ಅಲ್ಲಿ ಮೇಲಿನ ಜೋಡಣೆ ನಡೆಯದು. ಬಿಚ್ಚುವ ಮೊದಲೇ ಟೆಸ್ಟ್ ಲ್ಯಾಂಪ್ ಹಿಡಿದು ಖಾತ್ರಿ ಮಾಡಿಕೊಳ್ಳಿ.

ಬಲ್ಬ್: ಎಚ್4 (ಹೈ, ಲೋ ಎರಡೂ ಒಂದರಲ್ಲೇ ಇರುವ ಹ್ಯಾಲೊಜೆನ್ ಬಲ್ಬ್) ಆದರೆ 12 ವೋಲ್ಟಿಗೆ 60/55 ವ್ಯಾಟ್, 24ಕ್ಕೆ 75/70. ಅಷ್ಟೇ. ಗಾಜಿಗೆ ಬೆರಳು ತಾಗಿಸಬೇಡಿ. ನೀಲಿ ಬಣ್ಣ ಬಳಿದ “ಸೂಪರ್ ವೈಟ್” ಬಲ್ಬ್ ನೋಡಲು ಚಂದ. ಆ ಬಣ್ಣವೇ ಬೆಳಕನ್ನು ನುಂಗುತ್ತದೆ. ಚೋರ್ಲಾದ ಮಳೆಗಾಲದ ಮಂಜಿನಲ್ಲಂತೂ ಯಾವ ಬಲ್ಬಿದ್ದರೂ ಹೈ ಬೀಮ್ ಕಣ್ಣಿಗೇ ವಾಪಸ್ ಹೊಡೆಯುತ್ತದೆ, ಲೋನಲ್ಲೇ ಇಳಿಯಬೇಕು.

ಡೋಮಿನ ಒಳಗೆ ಮಸಕಾಗಿದ್ದರೆ ಬಟ್ಟೆಯಲ್ಲಿ ಒರೆಸಬೇಡಿ. ಅದು ಅಲ್ಯುಮಿನಿಯಂನ ಬಹು ತೆಳು ಲೇಪ, ಒರೆಸಿದರೆ ಎದ್ದುಬರುತ್ತದೆ. ಡೋಮ್ ಹೋಯಿತು ಎಂದೇ ತಿಳಿದು ಏಳು ಇಂಚಿನ ದುಂಡು ಎಚ್4 ಸೆಟ್ ಜೋಡಿಯಾಗಿ ಬದಲಿಸಿ. ನಮ್ಮದು ಎಡಬದಿಯ ಸಂಚಾರ, ಹಾಗಾಗಿ ಲೋ ಬೀಮ್ ಎಡಕ್ಕೆ ಏರಬೇಕು. ಬಲಕ್ಕೆ ಏರುವ ವಿದೇಶಿ ಗಾಜು ಅಗ್ಗಕ್ಕೆ ಸಿಕ್ಕರೂ ಬೇಡ. ಹಿಂದಿನ ರಬ್ಬರ್ ಟೋಪಿ ಹರಿದಿದ್ದರೆ ಹೊಸದು ಹಾಕಿ, ಇಲ್ಲದಿದ್ದರೆ ಹೊಸ ಡೋಮಿಗೂ ನೀರು ಇಳಿದು ಅದೇ ಗತಿ.

ಎಲ್‌ಇಡಿ ಬಲ್ಬ್ ತುರುಕುವವರಿಗೆ: ಆ ಡೋಮ್ ರೂಪಿಸಿರುವುದು ಫಿಲಮೆಂಟ್ ಇರುವ ಜಾಗಕ್ಕೆ. ಬೆಳಕಿನ ಮೂಲ ಕೊಂಚ ಸರಿದರೂ ಬೀಮ್ ಚದುರಿ ಎದುರಿನವನ ಕಣ್ಣು ಕುಕ್ಕುತ್ತದೆ. ಫಿಟ್‌ನೆಸ್ ತಪಾಸಣೆಯಲ್ಲೂ ತೊಂದರೆ.

ಕೊನೆಗೆ ಬೀಮ್ ಸೆಟ್ಟಿಂಗ್. ಟಯರ್ ಗಾಳಿ ಸರಿ ಮಾಡಿ, ಸಮತಟ್ಟಾದ ನೆಲದಲ್ಲಿ ಗೋಡೆಯಿಂದ 10 ಮೀಟರ್ ದೂರ ನಿಲ್ಲಿಸಿ. ಬಲ್ಬಿನ ನಡುವಿನ ಎತ್ತರವನ್ನು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗುರುತು ಮಾಡಿ. ಲೋ ಬೀಮಿನ ಮೇಲಿನ ಗೆರೆ ಅದಕ್ಕಿಂತ 10ರಿಂದ 15 ಸೆಂ.ಮೀ. ಕೆಳಗೆ ಬೀಳಬೇಕು. ಇದನ್ನು ಖಾಲಿ ಗಾಡಿಯಲ್ಲಿ ಮಾಡಬೇಡಿ. ಲೋಡ್ ಬಿದ್ದಾಗ ಹಿಂದಿನ ಪಾಟಾ (ಸ್ಪ್ರಿಂಗ್ ಪಟ್ಟಿ) ಕುಗ್ಗಿ ಮೂತಿ ಮೇಲೇಳುತ್ತದೆ, ಖಾಲಿಯಲ್ಲಿ ಸರಿಯಿದ್ದ ಬೀಮ್ ಆಗ ಮರದ ತುದಿ ನೋಡುತ್ತದೆ. ಗಾಡಿ ಸಾಮಾನ್ಯವಾಗಿ ಹೊರುವಷ್ಟು ಹೊರೆ ಇರುವಾಗಲೇ ಸ್ಕ್ರೂ ತಿರುಗಿಸಿ.