ಓಡೋ ಬದಲು ಆ ದುಡ್ಡನ್ನೇ ಕೊಡಬಹುದಿತ್ತಲ್ವಾ?

ತೀರಿಹೋದ ಅತ್ತೆಯ (ಅಪ್ಪನ ತಂಗಿ) ನೆನಪಿಗೆ ಮುಂಬೈ ಮ್ಯಾರಥಾನ್ ಓಡಿ, ಕಿಡ್ನಿ ಕೆಟ್ಟು ಮಷಿನ್‌ನಲ್ಲಿ ರಕ್ತ ಶುದ್ಧ ಮಾಡಿಸಿಕೊಳ್ಳುವ ಡಯಾಲಿಸಿಸ್ ರೋಗಿಗಳಿಗೆ ಅಂತ ದುಡ್ಡು ಎತ್ತಿದೆ. ಅವತ್ತಿಂದ ಮಡಿಕೇರಿಯಲ್ಲಿ ಸಿಕ್ಕವರೆಲ್ಲ ಕೇಳುವುದು ಇದೊಂದೇ: "ಅಷ್ಟು ದೂರ ಹೋಗಿ ಓಡೋ ಬದಲು ಆ ದುಡ್ಡನ್ನೇ ಸುಮ್ನೆ ಕೊಟ್ಟುಬಿಡಬಹುದಿತ್ತಲ್ವಾ?" ಹೇಳಿ ಹೇಳಿ ಬಾಯಿ ನೋಯುತ್ತಿದೆ. ಇನ್ನು ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಯಾವ ದುಡ್ಡು ಮಾರಾಯ್ರೇ? ರೈಲು ಚಾರ್ಜು, ಎಂಟ್ರಿ ಫೀಸು, ಶೂ ಎಲ್ಲ ನನ್ನ ಜೇಬಿನದು. ಅಷ್ಟನ್ನೇ ಕೊಟ್ಟಿದ್ದರೆ ಒಬ್ಬರಿಗೆ ನಾಲ್ಕು ದಿನಕ್ಕೂ ಸಾಲುತ್ತಿರಲಿಲ್ಲ. ಉಳಿದದ್ದು ಊರವರು ಕೊಟ್ಟದ್ದು. ಸುಮ್ನೆ ಕೈ ಚಾಚಿದರೆ ಯಾರು ಕೊಡ್ತಾರೆ? 42.195 ಕಿಲೋಮೀಟರ್ ಓಡ್ತೀನಿ ಅಂದರೆ, 'ಪಾಪ, ಇದಕ್ಕೆ ತಲೆ ಕೆಟ್ಟಿದೆ' ಅಂತಲಾದರೂ ಕೊಡುತ್ತಾರೆ.

ಒಂದು ಮದುವೆ ಊಟದಲ್ಲಿ ಪಕ್ಕಕ್ಕೆ ಒಬ್ಬ ದೊಡ್ಡಪ್ಪ ಕೂತಿದ್ದರು. ಸಂಬಂಧ ದೂರದ್ದು, ಬುದ್ಧಿಮಾತು ಮಾತ್ರ ಹತ್ತಿರದ್ದು. "ಕಾಫಿ ಕೊಯ್ಲಿನ ಟೈಮಲ್ಲಿ ತೋಟ ಬಿಟ್ಟು ಓಡೋಕೆ ಹೋಗಿದ್ಯಂತೆ? ನೇರವಾಗಿ ಕೊಟ್ಟಿದ್ರೆ ಆಗ್ತಿರ್ಲಿಲ್ವಾ?" "ನೀವೂ ನೇರವಾಗಿ ಕೊಡಿ ದೊಡ್ಡಪ್ಪ, ಈಗ್ಲೇ ಫೋನ್‌ಪೇ ಮಾಡಿ" ಅಂದೆ. ಮಾತು ಅಲ್ಲಿಂದ ಸೀದಾ ರೋಬಸ್ಟಾ ಕಾಫಿ ರೇಟಿಗೆ ಹೋಯಿತು.

ಜಾಸ್ತಿ ತಿಳಿದವರದು ಇನ್ನೊಂದು: "ಸರ್ಕಾರಿ ಆಸ್ಪತ್ರೆಯಲ್ಲಿ ಬಡವರಿಗೆ ಡಯಾಲಿಸಿಸ್ ಫ್ರೀ ಅಲ್ವಾ?" ಹೌದು, ಮಷಿನ್ ಫ್ರೀ. ಮಷಿನ್ ತನಕ ಬರೋದು ಫ್ರೀ ಅಲ್ಲ. ವಾರಕ್ಕೆ ಎರಡು ಮೂರು ಸಲ, ಪ್ರತಿ ಸಲ ಸುಮಾರು ನಾಲ್ಕು ಗಂಟೆ. ಬಸ್ಸಿಲ್ಲದ ತೋಟದ ಲೈನ್ ಮನೆಯಿಂದ (ಕೂಲಿಯವರ ಸಾಲು ಮನೆ) ಜೀಪಿನಲ್ಲಿ ಬರಬೇಕು. ಜೊತೆಗೆ ಬರುವವರ ಅವತ್ತಿನ ಕೂಲಿಯೂ ಹೋಯಿತು. ನಾವು ಎತ್ತಿದ್ದು ಆ ಬಾಡಿಗೆಗೆ.

ಇಷ್ಟೆಲ್ಲ ಕೇಳುವವರು, 'ನಿಮ್ಮತ್ತೆ ಎಂಥವರು?' ಅಂತ ಮಾತ್ರ ಕೇಳಲ್ಲ. ಹೇಳ್ತೀನಿ. ಡಯಾಲಿಸಿಸ್‌ನವರಿಗೆ ನೀರು ಅಳತೆ ಪ್ರಕಾರ. ಕಿಡ್ನಿ ನೀರು ಹೊರಗೆ ಹಾಕದಿದ್ದರೆ ಕಾಲು ಊದುತ್ತದೆ, ಉಸಿರು ಕಟ್ಟುತ್ತದೆ. ಅತ್ತೆ ಬೆಳಿಗ್ಗೆಯೇ ಇಡೀ ದಿನದ ನೀರನ್ನು ಒಂದು ಬಾಟಲಿಗೆ ತುಂಬಿಸಿ ಕಿಟಕಿಯಲ್ಲಿ ಇಡುತ್ತಿದ್ದರು. ಮಾತ್ರೆಗೆ ಒಂದು ಗುಟುಕು, ಊಟಕ್ಕೆ ಎರಡು. ಮಧ್ಯಾಹ್ನ ತುಟಿ ಒಣಗಿ ಬಿರಿದರೂ ಮುಟ್ಟುತ್ತಿರಲಿಲ್ಲ. ಎಲ್ಲ ಉಳಿಸುತ್ತಿದ್ದುದು ಸಂಜೆಯ ಒಂದು ಲೋಟ ಬೆಲ್ಲದ ಕಾಫಿಗೆ! ಅದನ್ನು ಮಾತ್ರ ಯಾರಿಗೂ ಬಿಡುತ್ತಿರಲಿಲ್ಲ. ನಾನು 'ಒಂದು ಗುಟುಕು ಕೊಡಿ' ಅಂದರೆ, "ಹೋಗಾ, ನಿಂಗೆ ಬಾವಿ ಇದೆ" ಅನ್ನುತ್ತಿದ್ದರು.

ಮುಂಬೈಯಲ್ಲಿ ಪೆಡ್ಡರ್ ರೋಡಿನ ಏರು ನೋಡಿ ಅಂತ ಎಲ್ಲ ಹೆದರಿಸಿದ್ದರು. ಮಡಿಕೇರಿಯವರಿಗೆ ಅದೂ ಒಂದು ಏರಾ? ನನ್ನನ್ನು ಹಣ್ಣು ಮಾಡಿದ್ದು ಸೆಕೆ. ದಾರಿಯುದ್ದಕ್ಕೂ ನೀರು ಕೊಡುತ್ತಾರೆ. ಎರಡು ಗುಟುಕು ಕುಡಿದು ಬಿಸಾಡಿದ ಬಾಟಲಿಗಳು ಕಾಲಡಿಗೆ ಉರುಳುತ್ತವೆ. ಅತ್ತೆ ನೋಡಿದ್ದರೆ ಎಲ್ಲರಿಗೂ ಬೈದು ಮುಗಿಸುತ್ತಿದ್ದರು.

'ಎಷ್ಟನೇ ಬಂದ್ರಿ' ಅನ್ನುವವರಿಗೆ: ನನ್ನ ಹಿಂದೆಯೂ ಜನ ಇದ್ದರು. ಬರುವ ಜನವರಿಗೆ ಮತ್ತೆ ಹೆಸರು ಕೊಡುತ್ತಿದ್ದೇನೆ. ನಾನು ಓಡೋದು ಬೇಡ ಅನ್ನಿಸಿದರೆ ಓಡುವ ಮೊದಲೇ ಕೊಡಿ, ಅದನ್ನೂ ತೆಗೆದುಕೊಳ್ಳುತ್ತೇನೆ.